ಮಾಜಿ ಸಂಸದರ ಹೆಸರಿನ ಕಲ್ಲು

ವೃತ್ತಗಳಿಗೆ ಹೆಸರಿಡುವ ಸಮಿತಿಯ ಮಾನ್ಯ ಅಧ್ಯಕ್ಷರೇ,

ಐದು ಸಲ ದೆಹಲಿಗೆ ಹೋಗಿಬಂದ ನಮ್ಮ ಮಾಜಿ ಸಂಸದರ ಹೆಸರನ್ನು ಮಾವಳ್ಳಿಯ ವೃತ್ತಕ್ಕೆ ಇಡಲು ತೀರ್ಮಾನಿಸಿದ್ದೀರಿ. ಅದರ ಕಲ್ಲು ಕೆತ್ತುವ ಕೆಲಸವನ್ನು ನನಗೇ ಒಪ್ಪಿಸಿದ್ದೀರಿ. ನನ್ನ ತಕರಾರಿದೆ. ನಿಮ್ಮ ಕಚೇರಿಗೆ ಕೊಟ್ಟರೆ ಗೆದ್ದಲು ಹಿಡಿಯುತ್ತದೆಂದು ಎಲ್ಲರೂ ಓದುವಂತೆ ಪತ್ರಿಕೆಯಲ್ಲೇ ಬರೆಯುತ್ತಿದ್ದೇನೆ.

'ಅಭಿವೃದ್ಧಿಯ ಹರಿಕಾರ' ಎಂದು ಕೆತ್ತಬೇಕಂತೆ. ಸ್ವಾಮಿ, ಅವರ ಅಭಿವೃದ್ಧಿ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಲೋಕಸಭೆಯಲ್ಲಿ ಅವರು ಬಾಯಿ ಬಿಟ್ಟದ್ದನ್ನು ಕಂಡವರಿದ್ದರೆ ತೋರಿಸಿ. ಆದರೆ ಶಂಕುಸ್ಥಾಪನೆಗೆ ಮಾತ್ರ ಎಂದೂ ತಪ್ಪಿಸಿಕೊಂಡವರಲ್ಲ, ಆ ಕಲ್ಲುಗಳನ್ನೆಲ್ಲ ಕೆತ್ತಿದವನು ನಾನು. ನಮ್ಮ ಬೀದಿಯ ಹೆರಿಗೆ ಆಸ್ಪತ್ರೆಯೊಂದಕ್ಕೇ ಮೂರು ಚುನಾವಣೆಗೆ ಮೂರು ಶಂಕುಸ್ಥಾಪನೆಯಾಯಿತು. ಎರಡನೆಯ ಸಲ ಅವರ ಕಡೆಯವರು ಹಳೆಯ ಕಲ್ಲನ್ನೇ ಹೊತ್ತು ತಂದು, "ಹಿಂದ್ಗಡೆ ಖಾಲಿ ಇದ್ಯಲ್ಲ, ಅಲ್ಲೇ ಕೆತ್ತು" ಎಂದರು. ಕೆತ್ತಿದೆ. ಮೂರನೆಯ ಸಲ ಹೊಸ ಕಲ್ಲು. ಆಸ್ಪತ್ರೆ ಇವತ್ತಿಗೂ ಇಲ್ಲ, ಆ ಜಾಗದಲ್ಲಿ ಅವರ ಪಕ್ಷದವರ ಕಾರುಗಳು ನಿಲ್ಲುತ್ತವೆ. ಅಕ್ಷರ ಮುತ್ತಿನಂತಿದೆ ಎಂದು ಜನ ಹೊಗಳುತ್ತಿದ್ದರು, ನಾನೂ ಉಬ್ಬಿಹೋಗುತ್ತಿದ್ದೆ. ನೆನೆದರೆ ನನ್ನ ಮೇಲೇ ಅಸಹ್ಯವಾಗುತ್ತದೆ.

ಮೂರನೆಯ ಕಲ್ಲು ನಿಂತ ಮರುವರ್ಷ ನನ್ನ ಮಗಳು ವಿಶಾಖಾಳಿಗೆ ದಿನ ತುಂಬುವ ಮೊದಲೇ ನೋವು ಶುರುವಾಯಿತು. ಆಟೋ ಆ ಕಲ್ಲಿನ ಪಕ್ಕದಲ್ಲೇ ಹಾದು, ಮುಂದೆ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿತು. "ಅಪ್ಪಾ, ಇನ್ನೆಷ್ಟ್ ದೂರ?" ಎಂದು ಕೇಳುತ್ತಲೇ ಇದ್ದಳು. ಮಗು ಉಳಿಯಲಿಲ್ಲ. ಹೆಣ್ಣು ಮಗು. ಸಂಸದರ ಮನೆಗೆ ಹೋಗಿ ಅತ್ತೆ. ಅವರು ಬೆನ್ನು ತಟ್ಟಿ, "ಎಲ್ಲಾ ದೈವೇಚ್ಛೆ, ಚಲುವರಾಜು. ಮುಂದಿನ್ ಸಲ ಗೆದ್ರೆ ಆಸ್ಪತ್ರೆ ಆಗೇ ಆಗುತ್ತೆ, ಹೊಸಾ ಕಲ್ಲಿಗ್ ರೆಡಿ ಇರು" ಎಂದರು. ಗೆದ್ದರು. ಆಸ್ಪತ್ರೆಯ ಮಾತೇ ಎತ್ತಲಿಲ್ಲ. ಆ ಮಾತನ್ನು ಹನ್ನೊಂದು ವರ್ಷದಿಂದ ಹೊಟ್ಟೆಯಲ್ಲಿಟ್ಟುಕೊಂಡಿದ್ದೇನೆ. ಅವರನ್ನು ನಾನು ಕ್ಷಮಿಸಿಲ್ಲ, ಕ್ಷಮಿಸುವುದೂ ಇಲ್ಲ.

ಈಗ ನಿಮ್ಮ ಕಲ್ಲಿನ ವಿಷಯ. ದೊಡ್ಡವರ ಕಾರ್ಯಕ್ರಮಗಳು ಮುಂದಕ್ಕೆ ಹೋಗುತ್ತಲೇ ಇರುವುದರಿಂದ ನಾವು ಕಲ್ಲುಕುಟಿಗರು ತಾರೀಕನ್ನು ಕೊನೆಗೆ ಕೆತ್ತುತ್ತೇವೆ. ನಿಮ್ಮವರು ಬರೆದುಕೊಟ್ಟದ್ದನ್ನೆಲ್ಲ ಒಂದಕ್ಷರ ಬಿಡದೆ ಕೆತ್ತಿ, ತಾರೀಕಿಗೆ ಜಾಗ ಬಿಟ್ಟಿದ್ದೆ. ಕಳೆದ ಸೋಮವಾರ ಅಲ್ಲೊಂದು ತಾರೀಕು ಕೆತ್ತಿದೆ, ನನ್ನ ಮೊಮ್ಮಗಳು ಹುಟ್ಟಿ ಸತ್ತ ದಿನ. 'ಈ ಬೀದಿಯಲ್ಲಿ ಆಸ್ಪತ್ರೆಯಿಲ್ಲದೆ ಹೋದ ಮಗುವಿನ ನೆನಪಿಗೆ' ಎಂದೂ ಕೆಳಗೆ ಸೇರಿಸಿದೆ. ಅಕ್ಷರ ಈ ಸಲವೂ ಚೆನ್ನಾಗಿ ಬಂದಿದೆ.

ನನ್ನ ಬೇಡಿಕೆ ಒಂದೇ. ಈ ಕಲ್ಲನ್ನು ಇದ್ದ ಹಾಗೆಯೇ ವೃತ್ತದಲ್ಲಿ ನಿಲ್ಲಿಸಿ, ಪರದೆಯನ್ನು ಅವರ ಕೈಯಿಂದಲೇ ಎಳೆಸಿ. ಉಜ್ಜಿ ಅಳಿಸಿಬಿಡೋಣ ಎಂದು ಯಾರಾದರೂ ಸಲಹೆ ಕೊಟ್ಟಾರು, ಧಾರಾಳವಾಗಿ ಪ್ರಯತ್ನಿಸಿ. ಮಗುವಿನ ಸಾಲನ್ನು ಅರ್ಧ ಇಂಚು ಆಳಕ್ಕೆ ಕೆತ್ತಿದ್ದೇನೆ. ಕಲ್ಲಿನ ಮುಖವನ್ನು ಉಜ್ಜುತ್ತಾ ಹೋದರೆ ಮೊದಲು ಅಳಿಸಿಹೋಗುವುದು ಅವರ ಹೆಸರು.

ಇಂತಿ,
ಅವರ ಹೆಸರನ್ನು ಊರೆಲ್ಲ ಕೆತ್ತಿ ಪಾಪ ಕಟ್ಟಿಕೊಂಡ
ಚಲುವರಾಜು, ಮಾವಳ್ಳಿ