ಅರಿಸಿನದಲ್ಲಿ ಬಣ್ಣ ತುಂಬಿದ ಬೀದಿ

ಮಾರೇನಹಳ್ಳಿ, ವಿಜಯನಗರ,
ಬೆಂಗಳೂರು
ಭಾನುವಾರ, ೨೮-೯-೨೦೦೩

ಗದಗಿನ ಲೆಕ್ಕದ ಮಾಸ್ತರರಿಗೆ ನಿಮ್ಮ ಹೆಂಡತಿ ಕಲಾವತಿಯ ನಮಸ್ಕಾರ.

ನಿಮ್ಮ ಪತ್ರ ತಲುಪಿತು. ಚಿತ್ರಕಲೆಯ ಪೀರಿಯಡ್ ಹೋದರೆ ನಿನ್ನ ಕೆಲಸವೂ ಹೋಗುತ್ತದೆ, ಆಗಲಾದರೂ ಹಟ ಬಿಟ್ಟು ಗದಗಿಗೆ ಬಾ ಎಂದು ಬರೆದಿದ್ದೀರಿ. ಪೀರಿಯಡ್ ಹೋಗಲಿಲ್ಲ. ಇದನ್ನು ಮೊದಲೇ ಹೇಳಿಬಿಟ್ಟರೆ ಉಳಿದದ್ದನ್ನು ನೀವು ಚಹಾ ಕುಡಿಯುತ್ತ ಓದಬಹುದು.

ಏಳನೇ ತರಗತಿಗೆ ಮಾರ್ಚಿನಲ್ಲಿ ಪಬ್ಲಿಕ್ ಪರೀಕ್ಷೆ. ನಮ್ಮ ಶಾಲೆಯಲ್ಲಿ ಲೆಕ್ಕ ಕಲಿಸುವ ನಾಗರಾಜು ಅವರು, ನಿಮ್ಮ ಪಂಗಡದವರೇ, ಜೂನಿನಿಂದಲೂ ನನ್ನ ಪೀರಿಯಡ್ಡಿನ ಮೇಲೆ ಕಣ್ಣಿಟ್ಟಿದ್ದರು. ಹೆಡ್‌ಮಾಸ್ಟರ್ ಮುನಿರಾಮಯ್ಯನವರು ಒಂದು ಷರತ್ತು ಹಾಕಿದರು. ದಸರಾ ರಜೆಗೆ ಮುಂಚಿನ ಶನಿವಾರ, ಅಂದರೆ ನಿನ್ನೆ, ಪೂಜೆ ಮುಗಿದ ಮೇಲೆ ಏಳನೇ ಬಿ ಮಕ್ಕಳು ನನ್ನ ವಶಕ್ಕೆ. ಅವರ ಗಲಾಟೆ ಆಫೀಸಿಗೆ ಕೇಳಿಸಿದರೆ ರಜೆಯ ನಂತರ ನನ್ನ ಪೀರಿಯಡ್ ಲೆಕ್ಕಕ್ಕೆ. ಅರ್ಧವಾರ್ಷಿಕ ಪರೀಕ್ಷೆ ಮುಗಿದು, ಮನಸ್ಸೆಲ್ಲ ಅಜ್ಜಿ ಮನೆಯಲ್ಲಿರುವ ಮಕ್ಕಳು ಹೇಗಿರುತ್ತಾರೆಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ.

ನಾನೇನೂ ಹೆದರಲಿಲ್ಲ. ಒಂದು ಬೀದಿಯ ಚಿತ್ರ ಬರೆದು ಎಲ್ಲರಿಗೂ ಜೆರಾಕ್ಸ್ ಮಾಡಿಸಿದೆ. ಬರೀ ಗೆರೆ. ಸಾಲು ಮನೆ, ಬಾಗಿಲಿಗೆ ತೋರಣ, ಜಗಲಿ, ಒಂದು ಹೊಂಗೆ ಮರ. ರಜೆಯಲ್ಲಿ ನೀವಿರುವ ಮನೆ ಇದರಲ್ಲಿ ಯಾವುದು ಎಂದು ಆರಿಸಿಕೊಂಡು ಬಣ್ಣ ತುಂಬಬೇಕು, ಬಾಯಿ ಬಿಡಬಾರದು. ನಾಗರಾಜು ಅವರು ಹಾಳೆ ನೋಡಿ, ಎಲ್‌ಕೆಜಿ ಮಕ್ಕಳ ಆಟವನ್ನು ಮೀಸೆ ಚಿಗುರುತ್ತಿರುವ ಹುಡುಗರಿಗೆ ಕೊಡುತ್ತೀರಾ ಎಂದು ನಕ್ಕರು. ಮೀಸೆ ಚಿಗುರುವವರಿಗೇ ಇದು ಹೆಚ್ಚು ಬೇಕು ಸರ್ ಎಂದೆ. ಅದನ್ನು ಈಗಲೂ ಹೇಳುತ್ತೇನೆ.

ಎಡವಟ್ಟು ಮಾಡಿಕೊಂಡವಳೂ ನಾನೇ. ರಜೆ ಬಿಡುವ ಮೊದಲು ಶಾರದೆಯ ಪೂಜೆ, ಆಯುಧಪೂಜೆ ಎರಡನ್ನೂ ಒಟ್ಟಿಗೆ ಮುಗಿಸುವುದು ನಮ್ಮ ಶಾಲೆಯ ರೂಢಿ. ಎಲ್ಲರೂ ಪುಸ್ತಕ ಇಟ್ಟರೆ ನಾನು ಉಮೇದಿನಲ್ಲಿ ಮಕ್ಕಳ ಬಣ್ಣದ ಪೆನ್ಸಿಲ್ ಡಬ್ಬಿಗಳನ್ನೆಲ್ಲ ಕಿತ್ತುಕೊಂಡು ಶಾರದೆಯ ಮುಂದೆ ಗೋಪುರ ಕಟ್ಟಿದೆ. ನಮ್ಮ ಆಯುಧ ಅದೇ ತಾನೆ? ಮಂಗಳಾರತಿಯಾಯಿತು, ಡಬ್ಬಿಗಳಿಗೆ ಕುಂಕುಮವಿಟ್ಟಾಯಿತು. ತರಗತಿಗೆ ಬಂದು ಹಾಳೆ ಹಂಚಿ, ಡಬ್ಬಿ ತನ್ನಿ ಎಂದರೆ ಒಬ್ಬರೂ ಏಳಲಿಲ್ಲ.

ಗೌತಮ್ ಎದ್ದು ನಿಂತ. ಇಲ್ಲಿನ ಹಳೇ ಒಕ್ಕಲು ಮನೆತನದ ಹುಡುಗ, ತರಗತಿಯ ಅರ್ಧ ಗಲಾಟೆ ಅವನೊಬ್ಬನದೇ. "ಪೂಜೆಗಿಟ್ಟಿದ್ದನ್ನ ಇವತ್ತು ಮುಟ್ಟಂಗಿಲ್ಲ ಮಿಸ್. ನಮ್ಮಜ್ಜಿ ಟ್ರ್ಯಾಕ್ಟರ್‌ನೇ ಮುಟ್ಟಕ್ಕೆ ಬಿಡಲ್ಲ" ಎಂದ. ಅವನು ಹೇಳಿದ್ದು ಸರಿ. ನಮ್ಮ ಮನೆಯಲ್ಲೂ ಪೂಜೆಗಿಟ್ಟ ಕುಡುಗೋಲನ್ನು ಆ ದಿನ ಯಾರೂ ಮುಟ್ಟುತ್ತಿರಲಿಲ್ಲ. ಹಿಂದಿನ ಬೆಂಚುಗಳಲ್ಲಿ ಆಗಲೇ ಗುಜುಗುಜು ಎದ್ದಿತ್ತು. ಆಫೀಸು ನಮ್ಮ ಗೋಡೆಯ ಆಚೆಗೇ ಇದೆ.

ಆಗ ನೆನಪಾದದ್ದು ಪೂಜೆಯ ತಟ್ಟೆ. ಲತಾ ಎಂಬ ಹುಡುಗಿಯನ್ನು ಕಳಿಸಿ ಉಳಿದ ಅರಿಸಿನ, ಕುಂಕುಮ, ಚೆಂಡುಹೂವು, ಗರಿಕೆ, ಊದಿನಕಡ್ಡಿಯ ಬೂದಿ ಎಲ್ಲವನ್ನೂ ತರಿಸಿದೆ. "ಬೆರಳ ಇವತ್ತ ಕುಂಚ. ಬೆರಳಿಗ್ಯಾರೂ ಪೂಜಿ ಮಾಡಿಲ್ಲಲ್ಲ?" ಎಂದೆ. ನನ್ನ ಮಾತಿನ ಧಾಟಿಗೆ ಯಾವಾಗಲೂ ಕಿಸಕ್ಕೆನ್ನುವ ಮಕ್ಕಳು ನಿನ್ನೆ ನಗಲಿಲ್ಲ, ಅಂಗಿಯ ತೋಳು ಮಡಚಿದರು. ಒದ್ದೆ ಬೆರಳಲ್ಲಿ ಅರಿಸಿನ ತೀಡುವುದು ಅವಸರದ ಕೆಲಸವಲ್ಲ. ಸ್ವಲ್ಪ ಒತ್ತಿದರೆ ಹಾಳೆ ಹರಿಯುತ್ತದೆ, ಜೋರಾಗಿ ಉಸಿರುಬಿಟ್ಟರೆ ಕುಂಕುಮ ಪಕ್ಕದ ಮನೆಗೆ ಹಾರುತ್ತದೆ. ಜವಾನ ತಮ್ಮಣ್ಣನ ಎಲೆಯಡಿಕೆ ಸುಣ್ಣ ಸೋಕಿಸಿ ಅರಿಸಿನವನ್ನು ಕೆಂಪು ಮಾಡಿದವನು ಗೌತಮ್. ಅದನ್ನೂ ಅವನು ಕೂಗಿ ಹೇಳಲಿಲ್ಲ, ಪಕ್ಕದವನಿಗೆ ಹಾಳೆ ತೋರಿಸಿದ, ಅಷ್ಟೇ. ನನಗೆ ಆ ಹೊತ್ತಿನಲ್ಲಿ ಎಷ್ಟು ಸಂತೋಷವಾಯಿತೆಂದರೆ ಷರತ್ತೇ ಮರೆತುಹೋಯಿತು. ನಾನೂ ಒಂದು ಹಾಳೆ ತೆಗೆದುಕೊಂಡು ಕುಳಿತೆ.

ಮುನಿರಾಮಯ್ಯನವರು ಬಂದದ್ದು ಗಲಾಟೆ ಕೇಳಿ ಅಲ್ಲ, ಏನೂ ಕೇಳಿಸದೆ. ಬಾಗಿಲಲ್ಲಿ ಏದುಸಿರು ಬಿಡುತ್ತ, "ಏನ್ ಮೇಡಂ, ಮಕ್ಳನ್ನ ಮನೆಗ್ ಕಳಿಸ್‌ಬಿಟ್ರೇನೋ ಅನ್ಕೊಂಡೆ" ಎಂದರು. ಹಿಂದೆಯೇ ನಾಗರಾಜು. ಲತಾ ಅವರಿಗೂ ಒಂದೊಂದು ಹಾಳೆ ಕೊಟ್ಟುಬಿಟ್ಟಳು. ಗಂಟೆ ಹೊಡೆದಾಗ ನಾಗರಾಜು ಅವರು, ಇನ್ನೊಂದು ಕಿಟಕಿ ಉಳಿದಿದೆ, ತಾಳಿ ಎಂದರು. ಹಾಜರಿ ಪುಸ್ತಕದಲ್ಲಿ ಅವರ ಸಹಿಯ ಪಕ್ಕ ಹಳದಿ ಹೆಬ್ಬೆಟ್ಟು ಬಿದ್ದಿದೆ. ನನ್ನ ಪೀರಿಯಡ್ ನನಗೇ ಉಳಿಯಿತು. ಮಾರ್ಚಿನ ಪರೀಕ್ಷೆಯ ಹಿಂದಿನ ದಿನವೂ ಮಕ್ಕಳಿಗೆ ಹೀಗೇ ಏನಾದರೂ ಕೊಡಿ ಎಂದು ಮುನಿರಾಮಯ್ಯನವರೇ ಹೇಳಿದ್ದಾರೆ.

ಹಾಗಾಗಿ ನಾನು ಗದಗಿಗೆ ಬರುವುದಿಲ್ಲ. ಸಿಟ್ಟಿನಿಂದ ಹೇಳುತ್ತಿಲ್ಲ. ಚಿತ್ರ ಬಿಡಿಸುವುದೂ ಒಂದು ಕೆಲಸವೇ ಎಂದು ಕೇಳಿ ನೀವು ಗದಗಿಗೆಂದು ಚೀಲ ಹೆಗಲಿಗೇರಿಸಿದಿರಲ್ಲ, ಅದಕ್ಕೆ ಉತ್ತರ ಈಗ ನನ್ನ ಬಳಿ ಇದೆ. ನಾನಿಲ್ಲಿ ಚೆನ್ನಾಗಿದ್ದೇನೆ. ಒಬ್ಬಳಿಗೆ ರೊಟ್ಟಿ ಬಡಿಯುವುದು ಬೇಜಾರಾಗಿ ಅನ್ನ ಮಾಡಿಕೊಳ್ಳುತ್ತಿದ್ದೇನೆ, ಬೇರೆ ಯಾವ ತೊಂದರೆಯೂ ಇಲ್ಲ. ಆರೋಗ್ಯ ನೋಡಿಕೊಳ್ಳಿ.

ಇಂತಿ,
ಏಳನೇ ಬಿ ತರಗತಿಯ ಚಿತ್ರಕಲಾ ಶಿಕ್ಷಕಿ,
ನಿಮ್ಮ ಕಲಾವತಿ

ತಾ.ಕ.: ನಾನು ಬಣ್ಣ ತುಂಬಿದ ಹಾಳೆಯನ್ನು ಜೊತೆಯಲ್ಲಿಟ್ಟಿದ್ದೇನೆ. ನಾನು ಆರಿಸಿಕೊಂಡದ್ದು ನಮ್ಮ ಈ ಬಾಡಿಗೆ ಮನೆ. ಬಾಗಿಲಲ್ಲಿ ಕುಂಕುಮದ ಚಪ್ಪಲಿ ನನ್ನವು, ಬೂದಿ ಬಣ್ಣದ ದೊಡ್ಡ ಜೋಡಿ ನಿಮ್ಮವು. ಲತಾ ಬಗ್ಗಿ ನೋಡಿ, "ಮಿಸ್, ಈ ಚಪ್ಪಲಿ ಒಳಗ್ ಬಂದೋರ್ದಾ, ಹೊರಗ್ ಹೊರಟೋರ್ದಾ?" ಎಂದಳು. ರಜೆ ಮುಗಿದ ಮೇಲೆ ಹೇಳುತ್ತೇನೆ ಎಂದಿದ್ದೇನೆ. ದಸರಾ ರಜೆ ನಿಮ್ಮ ಶಾಲೆಗೂ ಇದೆ. ಆ ಹುಡುಗಿ ಕೇಳದೆ ಬಿಡುವವಳಲ್ಲ.