ಬೀಗ ಹಾಕಿದ ಭವನದೊಳಗಿನ ಕೀರ್ತನೆ

ಬಾಲೆಮೋರ್, ಲೂಯಿಸ್ ದ್ವೀಪ, ಸ್ಕಾಟ್ಲೆಂಡ್
೧೪ ನವೆಂಬರ್ ೨೦೨೨, ಸೋಮವಾರ

ಪ್ರೀತಿಯ ಮಗಳು ಇಶ್‌ಬೆಲ್‌ಗೆ,

ನೀನೂ ರೋನಾಳೂ ಗ್ಲಾಸ್ಗೋದಲ್ಲಿ ಕ್ಷೇಮವೆಂದು ನಂಬಿದ್ದೇನೆ. ಆಕೆಯ ಹೆಸರನ್ನು ನಾನು ಬರೆಯುತ್ತಿರುವುದು ಇದೇ ಮೊದಲು. ಕಾಗುಣಿತ ತಪ್ಪಿದ್ದರೆ ಕ್ಷಮಿಸು. ನಿನಗೆ ಬೆನ್ನುನೋವೆಂದು ಚಿಕ್ಕಮ್ಮ ಹೇಳಿದಳು, ಈಗ ಹೇಗಿದೆ? ಮಂಡಿಯೊಂದನ್ನು ಬಿಟ್ಟರೆ ನಾನು ಗಟ್ಟಿಯಾಗಿದ್ದೇನೆ.

ಈ ಮೂಲಕ ನಿನ್ನ ಅವಗಾಹನೆಗೆ ತರಬಯಸುವುದೇನೆಂದರೆ, ನಮ್ಮ ಚರ್ಚು ಅತಿಥಿ ಬೋಧಕರೊಬ್ಬರ ಉಪನ್ಯಾಸಕ್ಕಾಗಿ ಊರಿನ ಸಭಾಭವನವನ್ನು ಕಾದಿರಿಸಿತ್ತು. ಹೆಣ್ಣು ಹೆಣ್ಣನ್ನು, ಗಂಡು ಗಂಡನ್ನು ವರಿಸುವುದು ಪಾಪವೆಂದು ಅವರು ಹಿಂದೊಮ್ಮೆ ನುಡಿದಿದ್ದರೆಂಬ ಕಾರಣಕ್ಕೆ ಭವನದ ಸಮಿತಿಯು ಅದನ್ನು ರದ್ದುಗೊಳಿಸಿತು. ಒಬ್ಬರ ನಂಬಿಕೆಯ ಕಾರಣಕ್ಕೆ ಬಾಗಿಲು ಮುಚ್ಚುವುದು ಸಮಾನತೆಯ ಕಾಯ್ದೆಗೆ ವಿರುದ್ಧವೆಂದು ನಾವು ದಾವೆಗೆ ಸಿದ್ಧರಾದೆವು. ಅರ್ಜಿಯನ್ನು ನಾನೇ ರಚಿಸಿದೆ. ಸದರಿ ಭವನವು ಹಿಂದೆಂದೂ ಯಾರನ್ನೂ ಹೀಗೆ ಹೊರಗಿಟ್ಟಿದ್ದಿಲ್ಲವೆಂಬ ವಾಕ್ಯವನ್ನೂ ಸೇರಿಸಿದೆ. ಅದು ಸುಳ್ಳೆಂದು ನೀನು ಬಲ್ಲೆ. ಏಳು ವರ್ಷಗಳ ಹಿಂದೆ ನಿನ್ನ ಮತ್ತು ರೋನಾಳ ಮದುವೆಯ ಔತಣಕ್ಕೆ ನೀನು ಅದೇ ಭವನವನ್ನು ಕೇಳಿದಾಗ, ಆಗಿನ ಭವನ ಸಮಿತಿಯ ಕಾರ್ಯದರ್ಶಿಯಾಗಿ ಅವಕಾಶವಿಲ್ಲವೆಂದು ಸಹಿ ಹಾಕಿದವನು ನಾನು. ಆ ಪತ್ರವನ್ನು ಭವನದ ಕಡತಕ್ಕೂ ಸೇರಿಸಲಿಲ್ಲ.

ಮೊನ್ನೆ ಶನಿವಾರ ಮಧ್ಯಾಹ್ನ ಮೂರಕ್ಕೆ ನಲವತ್ತು ಜನ ಭವನದ ಮುಚ್ಚಿದ ಬಾಗಿಲೆದುರು ಪ್ರತಿಭಟನೆಗೆ ನಿಂತೆವು. ಗಾಳಿಯೇ ಇರಲಿಲ್ಲ, ಈ ದ್ವೀಪದಲ್ಲಿ ಅದೇ ಒಂದು ಅಪರೂಪ. ನಮ್ಮ ಚರ್ಚಿನ ವಾಡಿಕೆಯಂತೆ ನಾನು ಕೀರ್ತನೆಯ ಮೊದಲ ಸಾಲನ್ನು ಹಾಡಿಕೊಟ್ಟೆ. ಜನ ಅದನ್ನು ಎಳೆದು ಹಾಡುವ ಮುನ್ನವೇ ಬಾಗಿಲಿನ ಒಳಗಿನಿಂದ ಒಂಟಿ ಹೆಣ್ಣುದನಿ ಆ ಸಾಲನ್ನು ಎತ್ತಿಕೊಂಡು, ಕೊನೆಯ ಸ್ವರವನ್ನು ಹಿಡಿದು ನಿಂತಿತು. ಮುದುಕ ಆಂಗಸ್ ಟೋಪಿ ತೆಗೆದು ಎದೆಗೊತ್ತಿಕೊಂಡ.

“ಒಳಗೆ ಯಾರನ್ನ ಕೂಡಿ ಹಾಕಿದೀಯೇ, ಕ್ಯಾಟ್ರಿಯೋನಾ?” ಎಂದು ಸಮಿತಿಯ ಅಧ್ಯಕ್ಷೆಯನ್ನು ಕೇಳಿದೆ.

“ಬೀಗದ ಕೈ ನನ್ ಹತ್ರಾನೇ ಇದೆ, ಮಾಮಾ. ನಿಮ್ ಕಡೆಯವರದೇ ಏನೋ ನಾಟಕ ಇದು!” ಎಂದು ರೇಗಿ ಆಕೆ ಬಾಗಿಲು ತೆರೆದಳು. ಒಂದರ ಮೇಲೊಂದು ಪೇರಿಸಿದ ಕುರ್ಚಿಗಳ ಹೊರತು ಒಳಗೇನೂ ಇರಲಿಲ್ಲ. ನನ್ನತ್ತ ತಿರುಗಿದಾಗ ಆಕೆಯ ತುಟಿ ಬಿಳುಚಿತ್ತು. “ಮಾಮಾ, ಅದು ನಿಮ್ ಇಶ್‌ಬೆಲ್ ದನಿ ಅಲ್ವಾ?”

ಎಲ್ಲರೂ ನಿಲ್ಲಿಸಿದ ಮೇಲೂ ಕೊನೆಯ ಸ್ವರವನ್ನು ಹಿಡಿದು ನಿಲ್ಲುವವಳು ನೀನೊಬ್ಬಳೇ, ಮಗಳೇ.

ಮನೆಗೆ ಬಂದು ಅರ್ಜಿಯ ಆ ಸುಳ್ಳು ವಾಕ್ಯವನ್ನು ಹೊಡೆದುಹಾಕಿ ನಿಜವನ್ನು ಬರೆದೆ. ಇಂದು ಬೆಳಿಗ್ಗೆ ಓದಿದ ವಕೀಲ, “ಇದನ್ನ ಸೇರಿಸಿದ್ರೆ ಕೋರ್ಟಲ್ಲಿ ನಿಮ್ಮನ್ನೇ ಹುರಿದು ಮುಕ್ತಾರೆ, ಹಿರಿಯರೇ” ಎಂದ. ಮುಕ್ಕಲಿ. ನನ್ನ ನಂಬಿಕೆ ಬದಲಾಗಿಲ್ಲ, ಬದಲಾಗಿದೆಯೆಂದು ನಟಿಸಲಾರೆ. ಆದರೆ ನನಗೆ ಅನ್ಯಾಯವಾದದ್ದು ನಿನಗೂ ಅನ್ಯಾಯವೇ. ಅದಕ್ಕಾಗಿ ನಿಮ್ಮಿಬ್ಬರ ಕ್ಷಮೆಯನ್ನು ವಿನಮ್ರನಾಗಿ ಕೋರುತ್ತೇನೆ.

ದೇವರ ಕೈ ನಿಮ್ಮಿಬ್ಬರ ತಲೆಯ ಮೇಲಿರಲಿ.

ನಿನ್ನ ತಂದೆ,
ಮುರ್ಡೋ ಮೆಕೈವರ್

ವಿ.ಸೂ.: ದೂರವಿರುವವರ ದನಿ ಖಾಲಿ ಮನೆಯಲ್ಲಿ ಕೇಳಿದರೆ ಆ ಜೀವ ಹೋಯಿತೆಂದೇ ನಮ್ಮ ದ್ವೀಪದವರು ಅಂದುಕೊಳ್ಳುತ್ತಾರೆ, ನಿನಗೆ ಗೊತ್ತು. ನಿನ್ನೆ ಫೋನ್ ಮುಟ್ಟಬಾರದ ಸಬ್ಬತ್ ದಿನವಾಗಿದ್ದರೂ ಹನ್ನೊಂದು ಸಲ ಫೋನ್ ಮಾಡಿದೆ, ಯಾರೂ ಎತ್ತಲಿಲ್ಲ. ಇದು ಕೈಸೇರಿದ ಕೂಡಲೇ ಕರೆ ಮಾಡು. ಮಾತನಾಡದಿದ್ದರೂ ಸರಿ, ನೀನು ಉಸಿರಾಡುವುದು ಕೇಳಿಸಿದರೆ ಸಾಕು.