ಸೈನ್ಯವಿಲ್ಲದೆ ಗೆದ್ದ ಊರು

ಮನೆಯಿಂದ,
ಜೂನ್ ೮, ಭಾನುವಾರ ಬೆಳಿಗ್ಗೆ

ಸೇನಾಪತಿಗೆ ಮೇಸ್ತ್ರಿಯ ನಮಸ್ಕಾರ.

ಇಲ್ಲಿ ನಾನು, ಕುಂಡದ ಗಿಡ, ಅಡುಗೆಮನೆಯ ಸೋರುವ ನಲ್ಲಿ ಮೂವರೂ ಕ್ಷೇಮ. ನೀನು ಹೋಗಿ ಏಳು ತಿಂಗಳಾಯಿತು. ಫೋನ್ ಮಾಡಿದರೆ ಎತ್ತುವುದಿಲ್ಲ, ಮೆಸೇಜಿಗೆ ಉತ್ತರವಿಲ್ಲ. ಅದಕ್ಕೇ ಕಾಗದ ಹಿಡಿದು ಕೂತಿದ್ದೇನೆ. ಕಾಗದವನ್ನು ಓದದೆ ಹರಿಯುವಷ್ಟು ಕಲ್ಲು ಮನಸ್ಸು ನಿನ್ನದಲ್ಲ.

ನಿನ್ನೆ ನಿನ್ನ ತಮ್ಮ ಬಂದು ನಿನ್ನ ಉಣ್ಣೆ ಬಟ್ಟೆ, ಹಳೇ ಕನ್ನಡಕ, ಎರಡು ಪೆಟ್ಟಿಗೆ ಪುಸ್ತಕ ತೆಗೆದುಕೊಂಡು ಹೋದ. ಅತ್ತಿಗೆ, ಅಣ್ಣನಿಗೆ ಎಲ್ಲೂ ಕೆಲಸ ಸಿಗ್ತಿಲ್ಲ ಅಂದ. ಹೋದ ಮೂರು ಕಡೆಯೂ ಒಂದೇ ಪ್ರಶ್ನೆಯಂತೆ: ಮೂರೇ ದಿನಕ್ಕೆ ಮಗುಚಿಕೊಂಡ ಆ ಆಟದ ಲೆಕ್ಕ ಹಾಕಿದವರು ನೀವೇ ಅಲ್ವಾ ಅಂತ. ಹೌದು ಅಂತ ಹೇಳಿ ಎದ್ದು ಬರುತ್ತೀಯಂತೆ. ಈಗ ಪಾತ್ರೆ ಅಂಗಡಿಯೊಂದರಲ್ಲಿ ಕೂತಿದ್ದೀಯಂತೆ. ಪೆಟ್ಟಿಗೆ ಎತ್ತಿಕೊಡುವಾಗ ನಾನು ಅವನ ಮುಖ ನೋಡಲಿಲ್ಲ.

ಆ ಲೆಕ್ಕದ ಬಗ್ಗೆಯೇ ಈ ಕಾಗದ. ಗೊತ್ತಿರುವುದನ್ನೇ ಮತ್ತೆ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ವರದಿ ಬರೆದು ಬರೆದು ಬಂದ ಚಾಳಿ ಇದು.

ನಮ್ಮ ಕಂಪ್ಯೂಟರ್ ಆಟದಲ್ಲಿ ಇದ್ದದ್ದು ಒಂದೇ ಕಾಡು. ಅದರ ಮರದಿಂದ ಮನೆ ಕಟ್ಟಬೇಕೋ, ಸೈನಿಕರಿಗೆ ಠಾಣೆ ಕಟ್ಟಬೇಕೋ, ಅದೇ ಆಟ. ಬರೀ ಮನೆ ಕಟ್ಟಿದರೆ ಗುಡ್ಡದಾಚೆಯ ದಂಡು ಬಂದು ಸುಡುತ್ತದೆ. ಬರೀ ಸೈನಿಕರನ್ನು ತಯಾರಿಸಿದರೆ ಅವರಿಗೆ ಹಾಕಲು ಕಾಳಿರುವುದಿಲ್ಲ. ಒಬ್ಬ ಸೈನಿಕನಿಗೆ ಎಷ್ಟು ಮರ, ಎಷ್ಟು ಕಾಳು ಅಂತ ನಿರ್ಧರಿಸುವುದು ನಿನ್ನ ಕೆಲಸ. ಆಡಿ ನೋಡಿ ವರದಿ ಕೊಡುವುದು ನನ್ನದು. ಆರೇ ಜನರ ಆಫೀಸು, ಆಟವನ್ನು ಮೊದಲಿನಿಂದ ಕೊನೆಯವರೆಗೆ ಪರೀಕ್ಷೆ ಮಾಡುವವಳು ನಾನೊಬ್ಬಳೇ. ನಿನಗೆ ಸೇನಾಪತಿ, ನನಗೆ ಮೇಸ್ತ್ರಿ ಅಂತ ಆಫೀಸಿನವರು ಹೆಸರಿಟ್ಟದ್ದು ಸರಿಯಾಗಿಯೇ ಇತ್ತು.

ನಾನು ಒಂದೇ ಒಂದು ಠಾಣೆಯನ್ನೂ ಕಟ್ಟಿದವಳಲ್ಲ. ಬಾವಿ, ಕಣಜ, ಶಾಲೆ, ಬೀದಿ ದೀಪ, ಕೊನೆಗೆ ಊರಿಗೆಲ್ಲ ಒಂದು ಸ್ನಾನದ ಮನೆ. ದಂಡು ಗುಡ್ಡದ ಮೇಲೆ ಬಂದು ನಿಲ್ಲುತ್ತಿತ್ತು. ನನ್ನ ಊರನ್ನು ನೋಡಿ, ಬಂದ ದಾರಿಗೆ ಸುಂಕವಿಲ್ಲ ಅಂತ ವಾಪಸ್ ಹೋಗುತ್ತಿತ್ತು. ಊರಿನವರು ಸುಖವಾಗಿದ್ದರೆ ಶತ್ರುವೂ ಹತ್ತಿರ ಬರಲ್ಲ ಅಂತ ನಾನು ಊಟದ ಹೊತ್ತಿನಲ್ಲಿ ಎಲ್ಲರಿಗೂ ಪಾಠ ಮಾಡುತ್ತಿದ್ದೆ. ನೀನು ತಲೆ ತಗ್ಗಿಸಿ ಊಟ ಮುಗಿಸುತ್ತಿದ್ದೆ.

ಆಟದ ಬಿಡುಗಡೆಗೆ ಮುಂಚಿನ ಸಭೆ ನೆನಪಿದೆಯಲ್ಲ? ಸೈನಿಕರ ಬೆಲೆ ಮೂರು ಪಟ್ಟು ಮಾಡಿದರೂ ಊರು ಉಳಿಯುತ್ತದೆ, ಆಡುವವರ ಗಮನ ಕಟ್ಟುವುದರ ಕಡೆ ಹೋಗುತ್ತದೆ ಅಂತ ನಾನು ಬರೆದಿದ್ದೆ. ಬೇಡ, ಜನರ ಕೈಲಿ ಆಗಲ್ಲ ಅಂತ ನೀನು ಎರಡು ಸಲ ಅಂದೆ. ಯಾಕೆ ಅಂತ ಮಾಲೀಕರು ಕೇಳಿದರೆ ಬಾಯಿಗೆ ಬೀಗ. ಇನ್ನೂರು ಸಲ ಆಡಿದವಳು ನಾನೋ ನೀನೋ ಅಂತ ನಾನು ಎಲ್ಲರ ಮುಂದೆ ಕೇಳಿದೆ. ಎಲ್ಲರೂ ನಕ್ಕರು, ಬೆಲೆ ಏರಿತು.

ಬಿಡುಗಡೆಯ ದಿನ ಮೊದಲ ಗಂಟೆಯಲ್ಲೇ ಊರುಗಳು ಸುಡತೊಡಗಿದವು. ಯಾರ ಹತ್ತಿರವೂ ಸೈನಿಕರಿಗೆ ಸಾಕಾಗುವಷ್ಟು ಮರವಿರಲಿಲ್ಲ. ಮೂರನೇ ದಿನ ಮಾಲೀಕರು ಎಲ್ಲರನ್ನೂ ಕೂರಿಸಿ, ಈ ಲೆಕ್ಕ ಯಾರದು ಅಂತ ಕೇಳಿದರು. ನೀನು ಎದ್ದು ನಿಂತು ನನ್ನದು ಅಂದೆ. ಗೂಬೆ ನಿನ್ನ ತಲೆ ಮೇಲೆ ಕೂತಿತು, ಅವತ್ತೇ ಕೆಲಸ ಹೋಯಿತು. ಮನೆಗೆ ಬಂದ ಮೇಲೆ, ಸಭೆಯಲ್ಲಿ ಗಟ್ಟಿಯಾಗಿ ಮಾತಾಡೋಕೆ ಬರದೇ ಇರೋನು ಈಗ ಯಾಕೆ ಮುಖ ಗಂಟಿಕ್ಕಿಕೊಂಡು ಕೂತಿದ್ದೀಯ ಅಂತ ನಾನು ಅಂದೆ. ಮಾರನೇ ವಾರ ನೀನು ತಮ್ಮನ ಮನೆ ಸೇರಿದೆ.

ಈಗ ಹೊಸ ಸಂಗತಿ. ಕಳೆದ ತಿಂಗಳು ಮಾಲೀಕರು ನನ್ನನ್ನು ನಿನ್ನ ಕುರ್ಚಿಗೆ ಹಾಕಿದರು. ಎಲ್ಲ ಲೆಕ್ಕವನ್ನೂ ಮೊದಲಿನಿಂದ ಮಾಡಬೇಕು. ನನಗೆ ಹೊಸ ಕಂಪ್ಯೂಟರ್ ಕೊಟ್ಟರು. ಅದರಲ್ಲಿ ಅದೇ ಕಾಡು, ಅದೇ ಗುಡ್ಡ, ನನ್ನ ಅದೇ ಊರು ಕಟ್ಟಿದೆ. ಇಪ್ಪತ್ತೆರಡನೇ ಸುತ್ತಿಗೆ ದಂಡು ಇಳಿದು ಬಂದು ಕಣಜ ಸುಟ್ಟಿತು. ಆಮೇಲೆ ಶಾಲೆ. ಸ್ನಾನದ ಮನೆಯ ಬಾಗಿಲಲ್ಲಿ ಜನ ಗುಂಪಾಗಿ ನಿಂತಿದ್ದರು, ಅದಕ್ಕೂ ಬೆಂಕಿ ಬಿತ್ತು. ಹನ್ನೊಂದು ಸಲ ಆಡಿದೆ, ಹನ್ನೊಂದು ಸಲವೂ ಊರು ಬೂದಿ. ಹಳೇ ಕಂಪ್ಯೂಟರಿನಲ್ಲಿ ಆಡಿದರೆ ದಂಡು ಎಂದಿನಂತೆ ಮರ್ಯಾದೆಯಿಂದ ವಾಪಸ್ ಹೋಯಿತು.

ಏನಿದು ಅಂತ ದಂಡಿನ ನಡೆ ಬರೆದಿಟ್ಟ ಫೈಲ್ ತೆಗೆದೆ. ಕಳೆದ ವಾರ ಅದರಲ್ಲಿ ನೀನು ಬರೆದ ಒಂದು ಸಾಲು ಕಂಡೆ. ನನ್ನ ಹಳೇ ಕಂಪ್ಯೂಟರಿನಲ್ಲಿ ಆಟ ನಡೆಯುತ್ತಿದ್ದರೆ ದಂಡು ತಿರುಗಿ ಹೋಗಬೇಕು, ಅಷ್ಟೇ. ಪಕ್ಕದಲ್ಲಿ ನಿನ್ನ ಟಿಪ್ಪಣಿ: ಸದ್ಯಕ್ಕೆ ಇರಲಿ, ಆಮೇಲೆ ತೆಗೆಯಬೇಕು. ತಾರೀಖು ನೋಡಿದೆ. ನನ್ನ ಅಮ್ಮ ತೀರಿಕೊಂಡ ಮೂರನೇ ವಾರ. ಅವತ್ತು ಪರೀಕ್ಷೆಯ ಕೋಣೆಯಲ್ಲಿ ನನ್ನ ಊರು ಸುಟ್ಟಾಗ ನಾನು ಕೀಬೋರ್ಡಿನ ಮೇಲೆ ತಲೆಯಿಟ್ಟು ಅತ್ತಿದ್ದೆ. ನೀನು ನೀರು ತಂದಿಟ್ಟು ಹೋಗಿದ್ದೆ.

ಕೋಪ ಬಂತು, ಸುಳ್ಳು ಹೇಳುವುದಿಲ್ಲ. ಎರಡು ವರ್ಷ ನನ್ನನ್ನು ಹುಚ್ಚಿ ಮಾಡಿದೆ. ಹೊಸದಾಗಿ ಸೇರಿದವರಿಗೆ ಗೆಲ್ಲುವುದು ಹೇಗೆ ಅಂತ ಕಲಿಸಿದವಳು ನಾನು! ನನ್ನ ಮೇಲೆ ಅಷ್ಟು ಕನಿಕರವಿದ್ದರೆ ಒಂದು ಮಾತು ಹೇಳಬಹುದಿತ್ತು. ಪರೀಕ್ಷೆ ಮಾಡುವವಳ ಊರನ್ನೇ ಕಾಯ್ದರೆ ಪರೀಕ್ಷೆಗೆ ಏನು ಅರ್ಥ? ನೀನು ಬರೆದಿಟ್ಟ ಆ ‘ಆಮೇಲೆ’ ಯಾವತ್ತೂ ಬರಲಿಲ್ಲ.

ಅಂದಹಾಗೆ, ಲೆಕ್ಕ ಸರಿಹೋಗಿದೆ. ಎಂಟನೇ ಸುತ್ತಿನೊಳಗೆ ಎರಡು ಠಾಣೆ, ಹತ್ತು ಮನೆಗೆ ಇಬ್ಬರು ಸೈನಿಕರು. ಶಾಲೆ ತಡವಾಗುತ್ತದೆ, ಜನ ಗೊಣಗುತ್ತಾರೆ, ಊರು ಚಿಕ್ಕದಾಗಿಯೇ ಇರುತ್ತದೆ. ಆದರೆ ಉಳಿಯುತ್ತದೆ. ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ ಅಂತ ನೀನು ನಗಬಹುದು, ನಗು.

ನಾಳೆ ಬೆಳಿಗ್ಗೆ ಮಾಲೀಕರಿಗೆ ವರದಿ ಕೊಡುತ್ತೇನೆ. ತಪ್ಪಿದ್ದು ಲೆಕ್ಕವಲ್ಲ, ಪರೀಕ್ಷೆ. ಅದಕ್ಕೆ ಕಾರಣ ನೀನು ಅಳಿಸಲು ಮರೆತ ಒಂದು ಸಾಲು, ಅಂತ ಬರೆಯುತ್ತೇನೆ. ನೀನು ಬಂದು ತಪ್ಪಾಯಿತು ಅಂತ ಒಂದು ಮಾತು ಹೇಳಿದರೆ ಅವರು ಮನಸ್ಸು ಬದಲಿಸಬಹುದು. ಯೋಚನೆ ಮಾಡು. ಪಾತ್ರೆ ಅಂಗಡಿ ನಿನಗಲ್ಲ.

ಇಂತಿ,
ಮೇಸ್ತ್ರಿ

ತಾ.ಕ.: ಇವತ್ತು ಸೋಮವಾರ, ಮಧ್ಯಾಹ್ನ. ನಿನ್ನೆ ಬರೆದದ್ದನ್ನು ಹರಿದು ಬೇರೆ ಬರೆಯೋಣ ಅಂದುಕೊಂಡೆ. ಬೇಡ, ನಾನು ಎಂಥವಳು ಅಂತ ನಿನಗೂ ಗೊತ್ತಾಗಲಿ. ಹನ್ನೊಂದು ಸಲ ಊರು ಸುಟ್ಟಿದ್ದು ನಿಜ. ಕಳೆದ ವಾರ ಆ ಸಾಲು ಕಂಡೆ ಅನ್ನುವುದು ಸುಳ್ಳು. ಬಿಡುಗಡೆಗೆ ನಾಲ್ಕು ತಿಂಗಳು ಮುಂಚೆ, ಸೇತುವೆಯ ಒಂದು ದೋಷ ಹುಡುಕುತ್ತಾ ಆ ಫೈಲ್ ತೆರೆದಾಗಲೇ ಕಂಡಿದ್ದೆ. ವರದಿ ಮಾಡುವುದು ನನ್ನ ಕೆಲಸವಾಗಿತ್ತು. ಮಾಡಲಿಲ್ಲ. ಅಮ್ಮ ಹೋದ ಮೇಲೆ ನನಗಾಗಿ ಕಾವಲು ಕೂತವನು ಒಬ್ಬನಿದ್ದಾನೆ ಅನ್ನುವುದು ಹಿತವಾಗಿತ್ತು. ಗೆಲ್ಲುವುದೂ ಹಿತವಾಗಿತ್ತು. ಸಾಲು ಇಲ್ಲದಿದ್ದರೂ ನನ್ನ ಊರು ಗೆಲ್ಲುತ್ತದೆ ಅಂತ ನಂಬಿಕೊಂಡು ಆ ಸಭೆಯಲ್ಲಿ ನಿನ್ನನ್ನು ನಗೆಪಾಟಲು ಮಾಡಿದೆ. ಫೈಲ್ ತೆರೆದವರ ಹೆಸರು ಅದರಲ್ಲೇ ಉಳಿಯುತ್ತದೆ. ನಿನ್ನ ಹೆಸರಿನ ಕೆಳಗೆ ನನ್ನದಿದೆ, ಅದರ ಕೆಳಗೆ ಮತ್ತೆ ನಿನ್ನದು. ಅಂದರೆ ನೀನೂ ನೋಡಿದ್ದೀಯ. ಮಾಲೀಕರು ಕೇಳಿದಾಗ, ಎದ್ದು ನಿಲ್ಲುವ ಮುಂಚೆ ನೀನು ನನ್ನ ಕಡೆ ತಿರುಗಿ ಸ್ವಲ್ಪ ಹೊತ್ತು ಕಾದೆ. ನಾನು ಪೆನ್ನಿನ ಮುಚ್ಚಳ ಹಾಕುತ್ತಾ ಕೂತಿದ್ದೆ. ಬೆಳಿಗ್ಗೆ ಇದೆಲ್ಲವನ್ನೂ ವರದಿಯಲ್ಲಿ ಬರೆದು ಕೊಟ್ಟು, ಕುರ್ಚಿ ಬಿಟ್ಟು ಬಂದೆ. ನೀನು ಯಾರ ಹತ್ತಿರವೂ ತಪ್ಪಾಯಿತು ಅನ್ನಬೇಕಿಲ್ಲ. ಆ ಮಾತು ನಾನು ನಿನಗೆ ಹೇಳಬೇಕಾದದ್ದು. ತಪ್ಪಾಯಿತು.